ಹೆಸರುಕಾಳು ಎಷ್ಟು ನೀರು ಕುಡಿಯಿತು? ತರಗತಿಯಲ್ಲಿ ಅಳತೆ ಕಲಿಸುವ ಒಂದು ಪ್ರಯೋಗ

ನಾಲ್ಕನೇ ಕ್ಲಾಸಿನಲ್ಲಿ ಅಳತೆಯ ಪಾಠ ಮುಗಿದ ವಾರ. ಒಂದು ಲೀಟರ್ ಅಂದರೆ 1000 ಮಿಲ್ಲಿಲೀಟರ್ ಎಂದು ಎಲ್ಲರೂ ಒಂದೇ ಉಸಿರಿಗೆ ಹೇಳುತ್ತಿದ್ದರು. ನಾನು ಊಟದ ಸ್ಟೀಲ್ ಲೋಟ ಎತ್ತಿ ಹಿಡಿದು, “ಇದರಲ್ಲಿ ಎಷ್ಟು ನೀರು ಹಿಡಿಯುತ್ತದೆ?” ಎಂದು ಕೇಳಿದೆ. ಒಬ್ಬ “ಒಂದು ಲೀಟರ್” ಎಂದ. ಪಕ್ಕದವಳು “ಹತ್ತು ಮಿಲ್ಲಿಲೀಟರ್” ಎಂದಳು. ಇಬ್ಬರೂ ಆ ಪಾಠದ ಪರೀಕ್ಷೆಯಲ್ಲಿ ಪೂರ್ತಿ ಮಾರ್ಕು ತೆಗೆದವರು.

ಅವತ್ತಿನಿಂದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ನಮ್ಮ ಕನ್ನಡ ಮೀಡಿಯಂ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಈ ಹೆಸರುಕಾಳಿನ ಪ್ರಯೋಗ ಮಾಡಿಸುತ್ತಾ ಬಂದಿದ್ದೇನೆ. ಕಾಳನ್ನು ತೂಗಿ, ಅಳೆದ ನೀರಿನಲ್ಲಿ ನೆನೆಸಿ, ಮತ್ತೆ ತೂಗುವುದು. ಅಷ್ಟೇ. ಲ್ಯಾಬ್ ಬೇಡ, ಕೊನೆಯ ದಿನದವರೆಗೆ ಬೆಂಕಿಯೂ ಬೇಡ. ನನಗೆ ಇದು ಇಷ್ಟವಾಗುವುದು ಒಂದು ಕಾರಣಕ್ಕೆ. ಮಗು ಅಳೆದದ್ದು ಸರಿಯೋ ತಪ್ಪೋ ಎಂದು ಟೀಚರ್ ಹೇಳಬೇಕಾಗಿಲ್ಲ. ಕಾಳು ಕುಡಿದ ನೀರು ಎಷ್ಟು ಎಂದು ತಕ್ಕಡಿ ಒಂದು ಲೆಕ್ಕ ಕೊಡುತ್ತದೆ. ಅಳತೆ ಪಾತ್ರೆ ಇನ್ನೊಂದು ಲೆಕ್ಕ ಕೊಡುತ್ತದೆ. ಎರಡೂ ತಾಳೆಯಾಗಬೇಕು. ಆಗದಿದ್ದರೆ ಎಲ್ಲೋ ಕೈ ತಪ್ಪಿದೆ, ಎಲ್ಲಿ ಎಂದು ಹುಡುಕಬೇಕು.

ಹೆಸರುಕಾಳೇ ಯಾಕೆ ಎಂದರೆ, ಅದು ಬೇಗ ನೆನೆಯುತ್ತದೆ, ಬೇಗ ಮೊಳೆಯುತ್ತದೆ, ಎಲ್ಲ ಮನೆಯಲ್ಲೂ ಇದೆ. ನಮ್ಮ ಕ್ಲಾಸಿನಲ್ಲಿ ಅದಕ್ಕೆ ಮೂರು ಹೆಸರು. ತುಳು ಮಾತಾಡುವವರಿಗೆ ಪದೆಂಗಿ, ಮಲೆಯಾಳದವರಿಗೆ ಚೆರುಪಯರ್, ಪುಸ್ತಕದಲ್ಲಿ ಹೆಸರುಕಾಳು. ಕಡಲೆ ಆದರೆ ರಾತ್ರಿಯಿಡೀ ನೆನೆಯಬೇಕು, ಶಾಲೆಯ ಹೊತ್ತಿಗೆ ಹೊಂದುವುದಿಲ್ಲ.

ಹಿಂದಿನ ದಿನ: ಕುಡ್ತೆಯ ಜಗಳ

ಪ್ರಯೋಗದ ಹಿಂದಿನ ದಿನ ಮಕ್ಕಳಿಗೆ ಒಂದು ಕೆಲಸ ಕೊಡಿ. ಮನೆಯಲ್ಲಿ ಅಕ್ಕಿ ಅಳೆಯುವ ಪಾತ್ರೆ ಯಾವುದಿದೆಯೋ ಅದನ್ನು ಕೇಳಿ ತರಲಿ. ಕುಡ್ತೆ, ಪಾವು, ಸುಮ್ನೆ ಒಂದು ಲೋಟ, ಹ್ಯಾಂಡಲ್ ಮುರಿದ ಕಪ್, ಯಾವುದಾದರೂ ಸರಿ. ತಂದ ಪಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಡಿ.

“ಅಮ್ಮ ಎರಡು ಕುಡ್ತೆ ಅಕ್ಕಿ ನೆನೆ ಹಾಕು ಎಂದರೆ ಎಷ್ಟು ಅಕ್ಕಿ?” ಎಂದು ಕೇಳಿ. ಜಗಳ ತನ್ನಷ್ಟಕ್ಕೆ ಶುರುವಾಗುತ್ತದೆ. ನಮ್ಮನೆ ಕುಡ್ತೆಯೇ ಸರಿ ಎಂದು ಪ್ರತಿಯೊಬ್ಬರ ವಾದ. ಆಗ ಒಂದೊಂದಕ್ಕೂ ಅಂಚಿನವರೆಗೆ ನೀರು ತುಂಬಿಸಿ ಅಳತೆ ಪಾತ್ರೆಗೆ ಸುರಿದು ಬೋರ್ಡಿನಲ್ಲಿ ಬರೆಯಿರಿ. ಕಳೆದ ಸಲ ನಮ್ಮಲ್ಲಿ ಅತಿ ಚಿಕ್ಕದು 160 ಮಿ.ಲೀ., ಅತಿ ದೊಡ್ಡದು 280. ಎರಡಕ್ಕೂ ಮನೆಯಲ್ಲಿ ಕರೆಯುವ ಹೆಸರು ಕುಡ್ತೆಯೇ.

ಹಾಗೆಂದು ಕುಡ್ತೆ ತಪ್ಪು ಎಂದು ಹೇಳಬೇಡಿ. ಒಂದು ಮನೆಯಲ್ಲಿ ಒಂದೇ ಕುಡ್ತೆ ಇದ್ದರೆ ಮೂವತ್ತು ವರ್ಷ ದೋಸೆ ಕೆಡುವುದಿಲ್ಲ. ಅಕ್ಕಿಯೂ ಉದ್ದೂ ಅದರಲ್ಲೇ ಅಳೆಯುವುದು, ಪ್ರಮಾಣ ಸರಿಯಾಗೇ ಇರುತ್ತದೆ. ತೊಂದರೆ ಬರುವುದು ಆ ಮನೆಯ ಲೆಕ್ಕ ಪಕ್ಕದ ಮನೆಗೆ ಹೋದಾಗ.

ಸಮಯ ಇದ್ದರೆ ಚೂರು ಚರಿತ್ರೆ ಸೇರಿಸಿ. 1956 ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೇಶಕ್ಕೆಲ್ಲ ತೂಕ ಮತ್ತು ಅಳತೆಯ ಹೊಸ ಕಾಯ್ದೆ ಆಯಿತು. ಸೇರು, ಪಾವು ಹೋಗಿ ಕಿಲೋ, ಲೀಟರ್ ಬರಬೇಕೆಂದು ತೀರ್ಮಾನವಾಯಿತು. ಮರುವರ್ಷ ಏಪ್ರಿಲ್ 1ಕ್ಕೆ ಅಣೆ ಹೋಗಿ ನಯಾಪೈಸೆ ಬಂತು. ಅಂಗಡಿಯಿಂದ ಸೇರು ಹೋಯಿತು, ನಮ್ಮ ಅಡುಗೆಮನೆಯಿಂದ ಹೋಗಲಿಲ್ಲ. ಮಕ್ಕಳ ಅಜ್ಜಿಯರನ್ನು ಕೇಳಿದರೆ ಮುಡಿ, ಕಳಸೆ ಎಂಬ ಹಳೇ ಅಳತೆಗಳ ಲೆಕ್ಕವೂ ಬಂದೀತು.

ಬೇಕಾದ ಸಾಮಾನು

ಒಂದು ಡಿಜಿಟಲ್ ಅಡುಗೆ ತಕ್ಕಡಿ ಬೇಕೇ ಬೇಕು, ಒಂದೊಂದು ಗ್ರಾಂ ತೋರಿಸುವಂಥದ್ದು. ಶಾಲೆಯಲ್ಲಿ ಇಲ್ಲದಿದ್ದರೆ ಹೆತ್ತವರು-ಟೀಚರುಗಳ ಸಂಘದ (ಪಿ.ಟಿ.ಎ.) ಯವರಲ್ಲಿ ಕೇಳಿ, ಯಾರ ಮನೆಯಲ್ಲಾದರೂ ಕೇಕ್ ಮಾಡುವವರು ಇದ್ದೇ ಇರುತ್ತಾರೆ. ಉಳಿದದ್ದು ಇಷ್ಟು: 300 ಗ್ರಾಂ ಹೆಸರುಕಾಳು, ಆರು ಬಟ್ಟಲು, ಒಂದು ಚಹಾ ಸೋಸುವ ಜಾಲರಿ, ಆರು ತುಂಡು ಹಳೇ ಹತ್ತಿ ಬಟ್ಟೆ, ಒಂದು ಗೋಡೆ ಗಡಿಯಾರ, ಒಂದು ಬಕೆಟ್ ಕುಡಿಯುವ ನೀರು.

ಕಾಳನ್ನು ದಿನಸಿ ಅಂಗಡಿಯಿಂದಲೇ ತನ್ನಿ. ಬಿತ್ತನೆ ಬೀಜದ ಅಂಗಡಿಯದ್ದು ಬೇಡ. ಬಿತ್ತುವ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ, ನಾವು ಕೊನೆಗೆ ಇದನ್ನು ತಿನ್ನುವವರು. ಸಯನ್ಸ್ ಕಪಾಟಿನಲ್ಲಿ ಅಳತೆ ಸಿಲಿಂಡರ್ ಇದೆ ಎಂದು ಅದನ್ನು ತೆಗೆಯಲೂ ಬೇಡಿ. ಅದಕ್ಕೆ ಮೊದಲು ಏನು ಹಾಕಿದ್ದರೋ ಯಾರಿಗೆ ಗೊತ್ತು.

ಬದಲಿಗೆ ಅಳತೆ ಪಾತ್ರೆಯನ್ನು ಮಕ್ಕಳೇ ಮಾಡಲಿ. ಪ್ರತಿ ಗುಂಪಿಗೆ ನೇರ ಗೋಡೆಯ ಒಂದು ಪಾರದರ್ಶಕ ಬಾಟಲಿ, ಮೇಲಿನಿಂದ ಕೆಳಗೆ ಅಂಟಿಸಿದ ಒಂದು ಕಾಗದದ ಪಟ್ಟಿ, ಸೂಜಿ ಇಲ್ಲದ 10 ಮಿ.ಲೀ.ನ ಹೊಸ ಸಿರಿಂಜ್. ಹತ್ತು ಹತ್ತು ಮಿ.ಲೀ. ನೀರು ಹಾಕಿ ಪ್ರತಿ ಸಲವೂ ಗೆರೆ ಎಳೆಯುವುದು, 150 ಆಗುವವರೆಗೆ. ಹದಿನೈದು ಸಲ ಹಾಕಬೇಕು, ಎಷ್ಟನೆಯದು ಎಂದು ಮರೆತುಹೋಗುತ್ತದೆ, ಒಬ್ಬರು ಜೋರಾಗಿ ಎಣಿಸಲೇಬೇಕು.

ಬಾಟಲಿ ಎಷ್ಟು ಸಪೂರವೋ ಅಷ್ಟು ಒಳ್ಳೆಯದು. ಒಳಗಿನ ಅಗಲ 5 ಸೆಂ.ಮೀ. ಇದ್ದರೆ 10 ಮಿ.ಲೀ.ಗೆ ನೀರು ಸುಮಾರು 5 ಮಿ.ಮೀ. ಏರುತ್ತದೆ. ಅಗಲ 8 ಸೆಂ.ಮೀ. ಆದರೆ ಬರೀ 2 ಮಿ.ಮೀ. ಅಗಲದ ಭರಣಿಯಲ್ಲಿ ಗೆರೆಗಳು ಒಂದರ ಮೇಲೊಂದು ಕೂತು ಓದಲಿಕ್ಕೇ ಆಗುವುದಿಲ್ಲ. ಒಂದು ಗುಂಪಿಗೆ ಬೇಕೆಂದೇ ಅಗಲದ್ದು ಕೊಟ್ಟು ನೋಡಿ. ಎರಡು ನಿಮಿಷದಲ್ಲಿ “ಟೀಚರ್, ನಮಗೆ ಬೇರೆ ಬಾಟಲಿ” ಎಂದು ಬರುತ್ತಾರೆ. ಯಾಕೆ ಎಂದು ಅವರೇ ಹೇಳಲಿ.

ತಕ್ಕಡಿಯನ್ನು ನಂಬುವ ಮೊದಲು

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ತಕ್ಕಡಿ ಹೇಳಿದ್ದೆಲ್ಲ ಸತ್ಯ ಎಂದು ಮಕ್ಕಳು ನಂಬುತ್ತಾರೆ, ದೊಡ್ಡವರೂ ನಂಬುತ್ತೇವೆ.

ತಕ್ಕಡಿಯನ್ನು ಸಮತಟ್ಟಾದ ನೆಲದ ಮೇಲೆ ಇಡಿ. ನಮ್ಮ ಬೆಂಚುಗಳೆಲ್ಲ ಒಂದು ಕಾಲು ಗಿಡ್ಡದವು, ಹಾಗಾಗಿ ನಾವು ಕೆಳಗೇ ಕೂರುತ್ತೇವೆ. ಹತ್ತು ರೂಪಾಯಿಯ ಹತ್ತು ನಾಣ್ಯ ಇಟ್ಟು ನೋಡಿ. ಒಂದು ನಾಣ್ಯ ಸುಮಾರು 7.7 ಗ್ರಾಂ ಇರುತ್ತದೆ, ಹತ್ತಕ್ಕೆ 77 ಬರಬೇಕು. ಒಂದು ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಮೂರು ನಾಲ್ಕು ಆಚೀಚೆ ಆದರೆ ಬ್ಯಾಟರಿ ಬದಲಿಸಿ. ಹಾಗೂ ಸರಿಯಾಗದಿದ್ದರೆ ಬೇರೆ ತಕ್ಕಡಿ ಹುಡುಕಿ.

ಈಗ ಖಾಲಿ ಬಟ್ಟಲು ಇಟ್ಟು ಸೊನ್ನೆ ಮಾಡುವ ಬಟನ್ ಒತ್ತಿ. ಮಕ್ಕಳು ಮಾಡುವ ನಂಬರ್ ಒನ್ ತಪ್ಪು ಇಲ್ಲೇ. ಸೊನ್ನೆ ಮಾಡದೆ ಕಾಳು ಸುರಿಯುತ್ತಾರೆ, 60 ಗ್ರಾಂ ಬಟ್ಟಲನ್ನೂ ಕಾಳಿನ ಲೆಕ್ಕಕ್ಕೆ ಸೇರಿಸುತ್ತಾರೆ. ಬೈಯುವ ಮೊದಲು ಬಟ್ಟಲು ತೆಗೆದು ತೋರಿಸಿ. ಸೊನ್ನೆ ಮಾಡಿದ ಮೇಲೆ ಬಟ್ಟಲು ಎತ್ತಿದರೆ ತಕ್ಕಡಿ ಮೈನಸ್ 60 ಎನ್ನುತ್ತದೆ. ಆ ಮೈನಸ್ ಗುರುತು ಕಂಡಾಗ ನಾಲ್ಕನೇ ಕ್ಲಾಸಿನ ಮಕ್ಕಳ ಮುಖ ನೋಡಬೇಕು.

ಇನ್ನೊಂದು ಆಟ. ತಕ್ಕಡಿಯ ಮೇಲೆ ಒಂದೇ ಒಂದು ಹೆಸರುಕಾಳು ಇಡಿ. ಸೊನ್ನೆಯೇ ತೋರಿಸುತ್ತದೆ. ಹಾಗಾದರೆ ಕಾಳಿಗೆ ತೂಕವೇ ಇಲ್ವಾ? ನೂರು ಕಾಳು ಎಣಿಸಿ ಇಡಿ, ನಾಲ್ಕು ಗ್ರಾಂ ಆಸುಪಾಸು ಬರುತ್ತದೆ. ಅಂದರೆ ಒಂದು ಗ್ರಾಂಗೆ ಸುಮಾರು ಇಪ್ಪತ್ತೈದು ಕಾಳು. ಸಣ್ಣದನ್ನು ಅಳೆಯಲಾಗದಿದ್ದರೆ ತುಂಬ ಇಟ್ಟು ಅಳೆದು ಭಾಗಿಸುವುದು ಎಂಬುದು ಅವರಿಗೆ ಇಲ್ಲಿಯೇ ಸಿಗುತ್ತದೆ. ಈ ತಕ್ಕಡಿಗೆ ಒಂದು ಗ್ರಾಂಗಿಂತ ಕಡಿಮೆಯದ್ದು ಕಾಣುವುದಿಲ್ಲ ಎಂಬುದೂ ತಲೆಯಲ್ಲಿ ಇರಲಿ, ಕೊನೆಗೆ ಲೆಕ್ಕ ಮಾಡುವಾಗ ಬೇಕಾಗುತ್ತದೆ.

ಹತ್ತು ಗಂಟೆ: ತೂಗಿ, ಅಳೆದು, ನೆನೆಸುವುದು

ನಮ್ಮ ಕ್ಲಾಸಿನಲ್ಲಿ 24 ಮಕ್ಕಳು. ನಾಲ್ವರ ಆರು ಗುಂಪು. ಒಬ್ಬರು ತೂಗುವವರು, ಒಬ್ಬರು ನೀರು ಅಳೆಯುವವರು, ಒಬ್ಬರು ಗಡಿಯಾರ ನೋಡುವವರು, ಒಬ್ಬರು ಬರೆಯುವವರು. ಜೋರು ಇರುವ ಮಗು ನಾಲ್ಕೂ ಕೆಲಸ ತಾನೇ ಮಾಡುತ್ತದೆ, ಅದರ ಕೈಗೆ ಪೆನ್ ಕೊಡಿ.

1. ಎಲ್ಲರೂ ಕೈ ತೊಳೆಯಲಿ. ಕಾಳಿನಲ್ಲಿ ಕಲ್ಲು, ತುಂಡು ಇದ್ದರೆ ಆರಿಸಲಿ.

2. ತೂಗುವ ಮೊದಲು ಅಂದಾಜು. ಪ್ರತಿ ಮಗು ಅಂಗೈಯಲ್ಲಿ 50 ಗ್ರಾಂ ಎಂದು ಅನಿಸುವಷ್ಟು ಕಾಳು ತೆಗೆದುಕೊಂಡು ತೂಗಲಿ. ಕಣ್ಣಳತೆಗೂ ತಕ್ಕಡಿಗೂ ಎಷ್ಟು ವ್ಯತ್ಯಾಸ ಎಂದು ಬರೆದಿಡಲಿ. ಇದನ್ನು ವಾರದ ಕೊನೆಗೆ ಇನ್ನೊಮ್ಮೆ ಮಾಡಿಸಿ, ಕೈ ಪಳಗಿರುತ್ತದೆ.

3. ಬಟ್ಟಲು ಇಟ್ಟು, ಸೊನ್ನೆ ಮಾಡಿ, ಸರಿಯಾಗಿ 50 ಗ್ರಾಂ ಕಾಳು. 49 ಅಲ್ಲ, 52 ಅಲ್ಲ. ಮೊದಲು ಚಮಚದಲ್ಲಿ ಹಾಕಿ, 48 ಆದ ಮೇಲೆ ಚಿಟಿಕೆ ಚಿಟಿಕೆಯಾಗಿ.

4. ತಮ್ಮದೇ ಬಾಟಲಿಯಲ್ಲಿ 150 ಮಿ.ಲೀ. ನೀರು. ಎಲ್ಲರೂ ಒಂದೇ ಬಕೆಟ್‌ನಿಂದ ತೆಗೆಯಲಿ, ಬಾವಿಯಿಂದ ಈಗ ಸೇದಿದ ತಣ್ಣನೆ ನೀರು ಒಬ್ಬರಿಗೆ, ಬಿಸಿಲಿನಲ್ಲಿದ್ದ ಟ್ಯಾಂಕಿನ ನೀರು ಇನ್ನೊಬ್ಬರಿಗೆ ಆಗುವುದು ಬೇಡ. ಬೆಚ್ಚಗಿನ ನೀರಿನಲ್ಲಿ ಕಾಳು ಬೇಗ ನೆನೆಯುತ್ತದೆ.

5. ಗಂಟೆ ಬಾರಿಸಿದ ಕೂಡಲೇ ಆರೂ ಗುಂಪು ಒಟ್ಟಿಗೆ ಕಾಳಿಗೆ ನೀರು ಸುರಿಯಲಿ. ಬಟ್ಟಲಿನ ಮೇಲೆ ತಟ್ಟೆ ಮುಚ್ಚಲಿ.

ನೀರು ಓದುವ ಕ್ರಮಕ್ಕೆ ಐದು ನಿಮಿಷ ಜಾಸ್ತಿ ಕೊಡಿ. ಬಾಟಲಿಯನ್ನು ಕೈಯಲ್ಲಿ ಎತ್ತಿ ಕಣ್ಣ ಹತ್ತಿರ ತರುವುದು ಮಕ್ಕಳ ಅಭ್ಯಾಸ. ಕೈಯಲ್ಲಿ ಹಿಡಿದರೆ ಬಾಟಲಿ ಓರೆಯಾಗುತ್ತದೆ. ಬಾಟಲಿ ನೆಲದಲ್ಲೇ ಇರಲಿ, ನಾವು ಬಗ್ಗಿ ಕಣ್ಣನ್ನು ನೀರಿನ ಮಟ್ಟಕ್ಕೆ ತರಬೇಕು. ನಮ್ಮಲ್ಲಿ ಮಕ್ಕಳು ನೆಲದ ಮೇಲೆ ಕವುಚಿ ಮಲಗಿ ಓದುತ್ತಾರೆ, ಯೂನಿಫಾರ್ಮಿನ ಬಗ್ಗೆ ಮನೆಯವರ ಕಂಪ್ಲೇಂಟ್ ಬರುತ್ತದೆ, ಬರಲಿ. ನೀರು ಅಂಚಿನಲ್ಲಿ ಸ್ವಲ್ಪ ಮೇಲೆ ಹತ್ತಿ ನಡುವೆ ತಗ್ಗಿರುವುದನ್ನು ತೋರಿಸಿ. ಓದಬೇಕಾದದ್ದು ತಗ್ಗಿನ ತಳವನ್ನು.

ಇಬ್ಬರು ಬೇರೆ ಬೇರೆಯಾಗಿ ಓದಿ, ಬಾಯಿ ಬಿಡದೆ ಬರೆಯಲಿ. ಆಮೇಲೆ ಇಬ್ಬರದ್ದೂ ಹೋಲಿಸಲಿ. ಒಬ್ಬರು ಹೇಳಿಬಿಟ್ಟರೆ ಇನ್ನೊಬ್ಬರ ಕಣ್ಣಿಗೂ ಅದೇ ಕಾಣುತ್ತದೆ.

ಯಾವ ಗುಂಪು ಯಾವಾಗ ತೆಗೆಯಬೇಕು

ಮೊದಲೆಲ್ಲ ನಾನು ಪ್ರತಿ ಗುಂಪಿನಿಂದ ಗಂಟೆಗೊಮ್ಮೆ ಕಾಳು ತೆಗೆದು ತೂಗಿಸುತ್ತಿದ್ದೆ. ಪ್ರತಿ ಸಲ ಎರಡು ಕಾಳು ಕೆಳಗೆ ಬೀಳುತ್ತಿತ್ತು, ನೀರು ಚೆಲ್ಲುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಎಲ್ಲ ಎಕ್ಕುಟ್ಟಿ ಹೋಗುತ್ತಿತ್ತು. ಈಗ ಒಂದೊಂದು ಗುಂಪು ಒಂದೇ ಸಲ ತೆಗೆಯುತ್ತದೆ. ಮೊದಲ ಗುಂಪು ಅರ್ಧ ಗಂಟೆಗೆ, ಎರಡನೆಯದು ಒಂದು ಗಂಟೆಗೆ, ಆಮೇಲೆ ಎರಡು, ಮೂರು, ನಾಲ್ಕು, ಐದು ಗಂಟೆಗೆ. ಆರು ಗುಂಪು ಸೇರಿ ಇಡೀ ಕ್ಲಾಸಿಗೆ ಒಂದೇ ಗ್ರಾಫ್.

ಇದರಲ್ಲಿ ಒಂದು ಕಿಲಾಡಿತನ ಇದೆ. ಎಲ್ಲರೂ ಒಂದೇ ಕಡೆಯಿಂದ, ಅಂದರೆ 50 ಗ್ರಾಂ ಮತ್ತು 150 ಮಿ.ಲೀ.ನಿಂದ ಹೊರಟಿದ್ದರೆ ಮಾತ್ರ ಗ್ರಾಫ್ ನೇರ್ಪಾಗಿ ಏರುತ್ತದೆ. ಒಂದು ಗುಂಪು ಬೆಳಿಗ್ಗೆ 56 ಗ್ರಾಂ ಹಾಕಿದ್ದರೆ ಅವರ ಚುಕ್ಕಿ ಸಾಲು ಬಿಟ್ಟು ಹಾರಿ ಕೂರುತ್ತದೆ, ಎಲ್ಲರಿಗೂ ಕಾಣುತ್ತದೆ. ಮರುವರ್ಷ ನೀವು ಏನೂ ಹೇಳಬೇಕಾಗಿಲ್ಲ. ಐದನೇ ಕ್ಲಾಸಿಗೆ ಹೋದವರು ತಮ್ಮ ತಂಗಿಯರಿಗೆ ಹೇಳಿಯೇ ಕಳಿಸಿರುತ್ತಾರೆ.

ಕಾಯುವ ಹೊತ್ತಿನಲ್ಲಿ ಬೇರೆ ಪಾಠ ನಡೆಯಲಿ. ಆದರೆ ಅರ್ಧ ಗಂಟೆಗೊಮ್ಮೆ ತಟ್ಟೆ ಎತ್ತಿ ನೋಡಲು ಬಿಡಿ. ಮೊದಲು ಕಾಳಿನ ಸಿಪ್ಪೆ ಸುಕ್ಕುಗಟ್ಟುತ್ತದೆ, ಬೆರಳು ತುಂಬ ಹೊತ್ತು ನೀರಿನಲ್ಲಿ ಇಟ್ಟ ಹಾಗೆ. ಒಳಗಿನ ಬೇಳೆ ಉಬ್ಬುವ ಮೊದಲು ಸಿಪ್ಪೆ ನೀರು ಕುಡಿದು ಹಿಗ್ಗಿರುತ್ತದೆ. ಆಮೇಲೆ ಬೇಳೆ ಉಬ್ಬಿ ಸುಕ್ಕು ಹೋಗಿ ಕಾಳು ಮಿರಿಮಿರಿ ಆಗುತ್ತದೆ. ಕಾಳಿನ ಬದಿಯಲ್ಲಿರುವ ಸಣ್ಣ ಬಿಳಿ ಗುರುತನ್ನೂ ತೋರಿಸಿ. ಕೋಡಿಗೆ ಅಂಟಿಕೊಂಡಿದ್ದ ಜಾಗ ಅದು. ನೀರಿಗೆ ಒಳಗೆ ಹೋಗುವ ಬಾಗಿಲೂ ಹೆಚ್ಚಾಗಿ ಅದರ ಹತ್ತಿರವೇ.

ತೆಗೆಯುವುದು, ಒರೆಸುವುದು, ತೂಗುವುದು

ಹೊತ್ತಾದ ಗುಂಪು ಹೀಗೆ ಮಾಡಲಿ. ತಮ್ಮ ಗುರುತಿನ ಬಾಟಲಿಯ ಬಾಯಿಗೆ ಜಾಲರಿ ಹಿಡಿದು ಕಾಳನ್ನು ನಿಧಾನ ಸುರಿಯುವುದು. ಒಂದು ನಿಮಿಷ ಹಾಗೇ ಬಸಿಯಲು ಬಿಡುವುದು. ಜಾಲರಿಯನ್ನು ಮೂರು ಸಲ ತಟ್ಟುವುದು. ಕಾಳನ್ನು ಬಟ್ಟೆಯ ಮೇಲೆ ಹಾಕಿ ಹತ್ತು ಸಲ ಉರುಳಿಸುವುದು. ಸೊನ್ನೆ ಮಾಡಿದ ಬಟ್ಟಲಿಗೆ ಹಾಕಿ ತೂಗುವುದು. ಬಾಟಲಿಯಲ್ಲಿ ಉಳಿದ ನೀರನ್ನು ಓದುವುದು.

ಒಂದು ನಿಮಿಷ, ಮೂರು ಸಲ, ಹತ್ತು ಸಲ ಎಂಬುದಕ್ಕೆ ಯಾವ ಶಾಸ್ತ್ರವೂ ಇಲ್ಲ. ಎಲ್ಲರೂ ಒಂದೇ ರೀತಿ ಮಾಡಬೇಕು, ಅಷ್ಟೇ. ಬಟ್ಟೆಯಲ್ಲಿ ಒರೆಸದಿದ್ದರೆ ಕಾಳಿನ ಮೈಗೆ ಅಂಟಿದ ನೀರೂ ತೂಕಕ್ಕೆ ಸೇರುತ್ತದೆ. ಕಾಳು ಅದನ್ನು ಕುಡಿದಿಲ್ಲ, ಬರೀ ಮೈಗೆ ಹಚ್ಚಿಕೊಂಡಿದೆ.

ಲೆಕ್ಕ ತಾಳೆ ಆಗುತ್ತಾ?

ಒಂದು ಮಿ.ಲೀ. ನೀರು ಒಂದು ಗ್ರಾಂ ತೂಗುತ್ತದೆ. ನಂಬದಿದ್ದರೆ 100 ಮಿ.ಲೀ. ಅಳೆದು ತೂಗಿ ನೋಡಲಿ. ಹಾಗಾದರೆ ಕಾಳಿನ ತೂಕ ಎಷ್ಟು ಗ್ರಾಂ ಜಾಸ್ತಿಯಾಯಿತೋ, ನೀರು ಅಷ್ಟೇ ಮಿ.ಲೀ. ಕಡಿಮೆಯಾಗಿರಬೇಕು.

ಆಗುವುದಿಲ್ಲ. ನಮ್ಮ ಐದು ಗಂಟೆಯ ಗುಂಪಿನ ಲೆಕ್ಕ ಒಂದು ಸಲ ಹೀಗಿತ್ತು. ಕಾಳು 50 ಇದ್ದದ್ದು 93 ಗ್ರಾಂ ಆಗಿತ್ತು, ಜಾಸ್ತಿಯಾದದ್ದು 43. ನೀರು 150 ಇದ್ದದ್ದು 103 ಉಳಿದಿತ್ತು, ಕಡಿಮೆಯಾದದ್ದು 47. ನಾಲ್ಕು ಮಿ.ಲೀ. ಎಲ್ಲಿ ಹೋಯಿತು?

ಇಲ್ಲಿ ಸುಮ್ಮನಿರುವುದು ಟೀಚರಿಗೆ ಕಷ್ಟದ ಕೆಲಸ, ಅಲ್ವಾ? ಬಾಯಿ ತುದಿಗೆ ಉತ್ತರ ಬಂದಿರುತ್ತದೆ. ತಡೆದುಕೊಳ್ಳಿ. ಮೊದಲು ಒಬ್ಬ “ಆವಿಯಾಗಿ ಹೋಯ್ತು” ಎಂದ. ಪಾಠದಲ್ಲಿ ಕಲಿತ ಶಬ್ದ. “ತಟ್ಟೆ ಮುಚ್ಚಿತ್ತಲ್ಲ” ಎಂದಳು ಇನ್ನೊಬ್ಬಳು. ಒಬ್ಬ ಜಾಲರಿಯನ್ನು ತೋರಿಸಿದ, ಅದರ ಕಣ್ಣುಗಳಲ್ಲಿ ಹನಿ ನಿಂತಿತ್ತು. ಕೊನೆಗೆ ಬಟ್ಟೆ ಹಿಡಿದಿದ್ದ ಹುಡುಗಿ, “ಇದು ಚಂಡಿ ಆಗಿದೆ ಟೀಚರ್” ಎಂದಳು. ಒದ್ದೆ ಬಟ್ಟೆಯನ್ನು ತಕ್ಕಡಿಗೆ ಹಾಕಿದರು. ಅದೇ ಅಳತೆಯ ಇನ್ನೊಂದು ಒಣ ಬಟ್ಟೆಯನ್ನೂ ತೂಗಿದರು. ವ್ಯತ್ಯಾಸ ಮೂರು ಗ್ರಾಂ.

ಅಂದಿನಿಂದ ನಾವು ಬಟ್ಟೆಯನ್ನೂ ಮೊದಲೇ ತೂಗಿ ಬರೆದಿಡುತ್ತೇವೆ. ನೀವೂ ಹಾಗೇ ಮಾಡಬಹುದು. ಆದರೆ ಮೊದಲ ಸಲ ಹೇಳಬೇಡಿ, ಅವರಾಗಿಯೇ ಬಟ್ಟೆಯನ್ನು ಹಿಡಿಯುವವರೆಗೆ ಕಾಯಿರಿ.

ಉಳಿದ ಒಂದು ಗ್ರಾಂ? ಅದನ್ನು ಹುಡುಕಿ ಪ್ರಯೋಜನವಿಲ್ಲ. ತಕ್ಕಡಿಗೆ ಒಂದು ಗ್ರಾಂಗಿಂತ ಕೆಳಗೆ ಕಾಣುವುದಿಲ್ಲ, ಬಾಟಲಿಯ ಗೆರೆಗಳ ನಡುವೆ ನಾವು ಕಣ್ಣಳತೆಯಲ್ಲೇ ಓದುವುದು. ಹೀಗಾಗಿ ನಮ್ಮ ಕ್ಲಾಸಿನ ಕಾನೂನು ಇದು: ಎರಡರ ಒಳಗಿನ ವ್ಯತ್ಯಾಸಕ್ಕೆ ಮಾಫಿ, ಮೂರರಿಂದ ಮೇಲೆ ಆದರೆ ಹುಡುಕಬೇಕು.

ಒಂದು ಎಚ್ಚರಿಕೆ. ತಾಳೆಯಾಗದ ಲೆಕ್ಕವನ್ನು ಮಕ್ಕಳು ಗುಟ್ಟಾಗಿ ತಿದ್ದುತ್ತಾರೆ. 103 ಇದ್ದದ್ದು ರಬ್ಬರ್ ತಗುಲಿ 107 ಆಗುತ್ತದೆ. ಅದಕ್ಕೇ ಈ ಪ್ರಯೋಗದ ದಿನ ಪೆನ್ ಮಾತ್ರ, ರಬ್ಬರಿಗೆ ರಜೆ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಲಿ. ಚೆನ್ನಾಗಿ ತಾಳೆಯಾದ ಲೆಕ್ಕಕ್ಕಿಂತ, ಎಲ್ಲಿ ತಪ್ಪಿತು ಎಂದು ಹುಡುಕಿದ ಲೆಕ್ಕಕ್ಕೆ ನಾನು ಜಾಸ್ತಿ ಸ್ಟಾರ್ ಕೊಡುತ್ತೇನೆ.

ಗ್ರಾಫ್

ಚೌಕುಳಿ ಕಾಗದದಲ್ಲಿ ಅಡ್ಡಕ್ಕೆ ಗಂಟೆ, ಉದ್ದಕ್ಕೆ ಗ್ರಾಂ. ಪ್ರತಿ ಗುಂಪು ತಮ್ಮ ಒಂದು ಚುಕ್ಕಿ ಇಡಲಿ. ಮೊದಲು ನಿಧಾನ, ಆಮೇಲೆ ದಡಬಡ, ಕೊನೆಗೆ ಮತ್ತೆ ನಿಧಾನವಾಗಿ ಗೆರೆ ಮಲಗುತ್ತಾ ಬರುತ್ತದೆ. ಮೊದಲು ಸಿಪ್ಪೆ ತಡೆಯುತ್ತದೆ, ಕೊನೆಗೆ ಒಳಗೆ ಜಾಗ ಇಲ್ಲ. ಹೆಸರುಕಾಳು ಪೂರ್ತಿ ನೆನೆದರೆ ತನ್ನ ತೂಕದ ಎರಡು ಪಟ್ಟು ಅಥವಾ ಚೂರು ಜಾಸ್ತಿ ಆಗುತ್ತದೆ. ನಿಮ್ಮ ಅಂಕೆ ನಮ್ಮದಕ್ಕಿಂತ ಬೇರೆಯೇ ಬರುತ್ತದೆ. ಕಾಳು ಹಳತೋ ಹೊಸತೋ, ನೀರು ಎಷ್ಟು ಬೆಚ್ಚಗಿದೆ ಎಂಬುದರ ಮೇಲೆ ಹೋಗುತ್ತದೆ.

ಎರಡನೇ ಮೂರನೇ ಕ್ಲಾಸಿನವರಿಗೆ ಗ್ರಾಫ್ ಬೇಡ. ಒಣ ಕಾಳು ಒಂದು ಲೋಟ, ನೆನೆದ ಮೇಲೆ ಎಷ್ಟು ಲೋಟ ಎಂದು ನೋಡಿದರೆ ಸಾಕು.

ಎರಡನೇ, ಮೂರನೇ ದಿನ: ಮೊಳಕೆ ಅಳೆಯುವುದು

ಬೇಗ ತೆಗೆದ ಗುಂಪುಗಳ ಕಾಳನ್ನು ಮತ್ತೆ ನೀರಿಗೆ ಹಾಕಿ, ಸಂಜೆ ಎಲ್ಲವನ್ನೂ ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿಡಿ. ಮನೆಗೆ ಹೋಗುವ ಮೊದಲು ಒಮ್ಮೆ, ಬೆಳಿಗ್ಗೆ ಬಂದ ಕೂಡಲೇ ಒಮ್ಮೆ ಒಳ್ಳೆ ನೀರಿನಲ್ಲಿ ತೊಳೆಯಬೇಕು. ನಮ್ಮ ಕರಾವಳಿಯ ಸೆಕೆಗೆ ಮಾರನೇ ಬೆಳಿಗ್ಗೆಯೇ ಬಿಳಿ ಮೂತಿ ಹೊರಗೆ ಬಂದಿರುತ್ತದೆ. ಅದೇ ಸೆಕೆಗೆ ಬೇಗ ಹಳಸುತ್ತದೆ ಕೂಡ. ಲೋಳೆಯಾಗಿ ವಾಸನೆ ಬಂದರೆ ಯೋಚನೆ ಮಾಡದೆ ತೆಂಗಿನ ಬುಡಕ್ಕೆ ಹಾಕಿ.

ಪ್ರತಿ ಗುಂಪು ಹತ್ತು ಕಾಳು ಆರಿಸಲಿ. ಕಣ್ಣು ಮುಚ್ಚಿ ಆರಿಸಬೇಕು, ಇಲ್ಲದಿದ್ದರೆ ಉದ್ದದ್ದನ್ನೇ ಹೆಕ್ಕುತ್ತಾರೆ. ಮೊಳಕೆ ಸೊಟ್ಟಗೆ ಇರುತ್ತದೆ, ಸ್ಕೇಲ್ ನೇರ. ಹೊಲಿಗೆ ನೂಲನ್ನು ಮೊಳಕೆಯ ಮೇಲೆ ಮಲಗಿಸಿ, ತುದಿಯಲ್ಲಿ ಉಗುರಿನಿಂದ ಹಿಡಿದು, ನೂಲನ್ನು ಸ್ಕೇಲಿಗೆ ಇಟ್ಟು ಮಿ.ಮೀ.ನಲ್ಲಿ ಓದಲಿ. ಇಲ್ಲಿ ಬರುವ ತಪ್ಪು ಹಳೇದೇ. ಸ್ಕೇಲಿನ ಅಂಚಿನಿಂದ ಅಳೆಯುತ್ತಾರೆ, ಸೊನ್ನೆಯ ಗೆರೆಯಿಂದ ಅಲ್ಲ. ಅಂಚಿಗೂ ಸೊನ್ನೆಗೂ ನಡುವೆ ನಾಲ್ಕೈದು ಮಿ.ಮೀ. ಖಾಲಿ ಇರುತ್ತದೆ. ತೆಂಗಿನಮರ ಅಳೆಯುವಾಗ ಅದು ಲೆಕ್ಕಕ್ಕಿಲ್ಲ, ಹತ್ತು ಮಿ.ಮೀ. ಮೊಳಕೆಯಲ್ಲಿ ಅದು ಅರ್ಧಕ್ಕರ್ಧ ತಪ್ಪು.

ಹತ್ತು ಕಾಳಿನ ಉದ್ದ ಕೂಡಿಸಿ ಹತ್ತರಿಂದ ಭಾಗಿಸಿದರೆ ಸರಾಸರಿ. ಹತ್ತನ್ನೇ ಯಾಕೆ ಆರಿಸಿದೆವು ಎಂದು ಆಗ ಅವರಿಗೆ ಗೊತ್ತಾಗಿ ನಗು ಬರುತ್ತದೆ.

ಕೊನೆಗೆ ಉಸ್ಲಿ

ಮೊಳಕೆಯನ್ನು ಹಸಿಯಾಗಿ ಮಕ್ಕಳಿಗೆ ಕೊಡಬೇಡಿ. ಕಾಳು ಮೊಳೆಯುವ ಬೆಚ್ಚಗಿನ ಒದ್ದೆ ಜಾಗವೇ ಬ್ಯಾಕ್ಟೀರಿಯಾಕ್ಕೂ ಇಷ್ಟ. ಮೇಲಿಂದ ಇಪ್ಪತ್ತನಾಲ್ಕು ಜೊತೆ ಕೈ ಮುಟ್ಟಿದೆ. ಶಾಲೆಯ ಅಡುಗೆಯ ಅಕ್ಕನಲ್ಲಿ ಕೇಳಿ ಚೆನ್ನಾಗಿ ಬೇಯಿಸಿ, ಒಗ್ಗರಣೆ ಹಾಕಿ ಉಸ್ಲಿ ಮಾಡಿ. ನೆಲಕ್ಕೆ ಬಿದ್ದದ್ದನ್ನು ಸೇರಿಸಬೇಡಿ.

ಬೇಯಿಸುವ ಮೊದಲು ಕೊನೆಯ ತೂಕ. ಆರು ಗುಂಪಿನದ್ದು ಸೇರಿ 650 ಗ್ರಾಂ ಮೊಳಕೆ ಇದೆ ಎಂದುಕೊಳ್ಳಿ. ಉಪ್ಪು ನೂರಕ್ಕೆ ಒಂದು ಎಂದರೆ ಆರೂವರೆ ಗ್ರಾಂ, ತಕ್ಕಡಿಯಲ್ಲಿ 6 ಅಥವಾ 7. ತೆಂಗಿನ ತುರಿ ನೂರಕ್ಕೆ ಹತ್ತು ಎಂದರೆ 65. ಒಗ್ಗರಣೆಗೆ ತೆಂಗಿನೆಣ್ಣೆ 10 ಮಿ.ಲೀ., ಸಾಸಿವೆ, ಕರಿಬೇವು. ಒಬ್ಬೊಬ್ಬರ ಪಾಲಿಗೆ ಎಷ್ಟು ಎಂದು ಅವರೇ ಭಾಗಿಸಲಿ. 24 ಮಕ್ಕಳಿಗೆ ಸುಮಾರು 27 ಗ್ರಾಂ ಮೊಳಕೆ, ಮೇಲೆ ಚೂರು ತೆಂಗು. ಹೆಚ್ಚೇನಲ್ಲ, ಆದರೆ ಅಷ್ಟನ್ನೂ ಯಾರೂ ಬಿಡುವುದಿಲ್ಲ.

ಉಪ್ಪನ್ನು ದಯವಿಟ್ಟು ತೂಗಿಯೇ ಹಾಕಿ. ಒಂದು ವರ್ಷ ನಾನು ಅವಸರದಲ್ಲಿ “ಒಂದು ಚಮಚ ಹಾಕಿ” ಎಂದುಬಿಟ್ಟೆ. ಮೂರು ದಿನ ಗ್ರಾಂ ಗ್ರಾಂ ಎಂದು ಜೀವ ತಿಂದವಳು ನಾನೇ. ಒಬ್ಬ ಅಡುಗೆಮನೆಯ ಸಾಂಬಾರಿನ ಸೌಟನ್ನೇ ಚಮಚ ಎಂದು ತಿಳಿದ. ಉಸ್ಲಿ ಬಾಯಿಗೆ ಇಡಲಿಕ್ಕೆ ಆಗಲಿಲ್ಲ. ಹಿಂದಿನ ಬೆಂಚಿನಿಂದ ಒಂದು ದನಿ ಬಂತು, “ಟೀಚರ್, ಎಷ್ಟು ಮಿ.ಲೀ. ಚಮಚ?” ಉತ್ತರ ಇರಲಿಲ್ಲ ನನ್ನಲ್ಲಿ. ಈಗ ಅದನ್ನೂ ಪಾಠಕ್ಕೆ ಸೇರಿಸಿದ್ದೇನೆ. ಅದೇ ಚಮಚದಲ್ಲಿ ಒಮ್ಮೆ ಪುಡಿ ಉಪ್ಪು, ಒಮ್ಮೆ ಕಲ್ಲುಪ್ಪು ಅಂಚು ಸಮ ಮಾಡಿ ಹತ್ತತ್ತು ಚಮಚ ತೂಗಿಸುತ್ತೇನೆ. ಹರಳುಗಳ ನಡುವೆ ಗಾಳಿಯ ಜಾಗ ಬೇರೆ ಬೇರೆ, ತೂಕವೂ ಒಂದೇ ಬರುವುದಿಲ್ಲ.

ನೆನೆಯದ ಕಾಳು

ಮೂರನೇ ದಿನ ಬಟ್ಟೆ ಬಿಚ್ಚಿದಾಗ ನಾಲ್ಕೈದು ಕಾಳು ಮೊದಲಿನ ಹಾಗೇ ಗಟ್ಟಿಯಾಗಿ, ಸಣ್ಣಗೆ ಉಳಿದಿರುತ್ತವೆ. ಬೇಯಿಸಿದ ಪಲ್ಯದಲ್ಲಿ ಹಲ್ಲಿಗೆ ಕಲ್ಲು ಸಿಕ್ಕ ಹಾಗೆ ಆಗುವುದು ಇವೇ. ಬಿಸಾಡಬೇಡಿ. ಇವುಗಳ ಸಿಪ್ಪೆ ನೀರನ್ನು ಒಳಗೆ ಬಿಟ್ಟೇ ಇಲ್ಲ. ಅರ್ಧದಷ್ಟನ್ನು ಮರಳುಕಾಗದದ ಮೇಲೆ ಒಂದೆರಡು ಸಲ ತಿಕ್ಕಿ, ಉಳಿದರ್ಧವನ್ನು ಹಾಗೇ ಬಿಟ್ಟು, ಎರಡನ್ನೂ ಬೇರೆ ಬೇರೆ ಬಟ್ಟಲಿನಲ್ಲಿ ಮತ್ತೆ ನೆನೆಸಿ. ಸಂಜೆ ನಾಲ್ಕಕ್ಕೆ ಯಾವ ಬಟ್ಟಲಿನವು ಉಬ್ಬಿವೆ ಎಂದು ನೋಡಲಿ. ತೂಗಿ ನೋಡುತ್ತೇವೆ ಎಂದು ಖಂಡಿತ ಯಾರಾದರೂ ಕೇಳುತ್ತಾರೆ. ಎರಡು ಕಾಳಿಗೆ ತಕ್ಕಡಿ ಸೊನ್ನೆಯನ್ನೇ ತೋರಿಸುತ್ತದೆ. ಆಗ ಅವರು ಏನು ಮಾಡುತ್ತಾರೆ ನೋಡಿ. ನಮ್ಮವರು ಅಕ್ಕಪಕ್ಕದ ಮೂರು ಕ್ಲಾಸಿಗೆ ಹೋಗಿ ನೆನೆಯದ ಕಾಳು ಬೇಡಿ ತಂದರು. ನೂರು ಆಗಲಿಲ್ಲ, 31 ಸಿಕ್ಕಿತು.